ಆಮೆನ್ ಆದ ಮೇಲಿನ ಮಾತು

ಆ ಮಳೆಗಾಲ ನನಗೆ ಎರಡು ನಷ್ಟ ತಂದಿತು. ಜಮಖಂಡಿಯ ಚರ್ಚಿನ ಪಕ್ಕದಲ್ಲಿ ಬಾಡಿಗೆಯಿಲ್ಲದೆ ಸಿಕ್ಕಿದ್ದ ಕೋಣೆ ಹೋಯಿತು. ಆ ಕೋಣೆ ಕೊಡಿಸಿದ್ದ ಪಾಸ್ಟರ್ ಜೊತೆ ಕುಡಿಯುತ್ತಿದ್ದ ಸಂಜೆಯ ಚಹಾ ಹೋಯಿತು. ಕಾರಣ ಹೇಳಿದರೆ ನಗುತ್ತೀರಿ. ನನ್ನ ಹತ್ತಿರ ಸಮಾಲೋಚನೆ ಕಲಿಯಲು ಬಂದಿದ್ದ ಹುಡುಗಿಗೆ, ಇನ್ನು ಮೇಲೆ ಬಂದವರು ಕೇಳದೆ ನೀನು ಪ್ರಾರ್ಥನೆ ಮಾಡಬೇಡ ಅಂದೆ. ಚರ್ಚಿನ ಕಟ್ಟಡದಲ್ಲೇ ಕೂತು, ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲಿ ಕೂರುವ ನಾನೇ ಈ ಮಾತು ಅಂದೆ.

ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟುಕೊಡುವ ಪೈಕಿ ನಾನಲ್ಲ. ಮನಸ್ಸಿನ ಕೆಲಸಕ್ಕೆ ಬರುವ ಮೊದಲು ಬನಹಟ್ಟಿಯ ಮಗ್ಗಗಳಿಂದ ಸೀರೆ ಎತ್ತಿಕೊಂಡು ಊರೂರು ಮಾರಿದವನು. ಚೌಕಾಸಿ ಮಾಡದೆ ಕೊತ್ತಂಬರಿ ಸಿವುಡನ್ನೂ ತಂದವನಲ್ಲ. ಆದರೂ ಅವತ್ತು ಒಳ್ಳೆಯ ರೇಟಿಗೆ ಮುಗಿಯಬಹುದಾಗಿದ್ದ ವ್ಯಾಪಾರವನ್ನು ಬಿಟ್ಟು ಎದ್ದು ಬಂದೆ. ಯಾಕೆ ಅಂತ ಹೇಳುತ್ತೇನೆ. ಇದರಲ್ಲಿ ಬರುವ ಹೆಣ್ಣುಮಗಳ ಒಪ್ಪಿಗೆ ಕೇಳಿ, ಗುರುತು ಬದಲಿಸಿಯೇ ಬರೆಯುತ್ತಿದ್ದೇನೆ.

ಕೋಣೆಯೆಂದರೆ ಸಂಡೇ ಸ್ಕೂಲಿನ ಮಕ್ಕಳ ಕೋಣೆ. ದಪ್ಪ ಕಲ್ಲಿನ ಗೋಡೆ, ಹಸಿರು ಬಳಿದ ಕಿಟಕಿ, ಕಿಟಕಿಯಾಚೆ ಬೇವಿನ ಮರ. ಗೋಡೆಯ ಮೇಲೆ ಮಕ್ಕಳು ಬರೆದ ಕುರಿಮಂದೆ. ಯಾವ ಕುರಿಗೂ ನಾಲ್ಕು ಕಾಲು ಸರಿಯಾಗಿರಲಿಲ್ಲ. ಕೋಣೆ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಎದುರುಬದುರು ಎರಡು ಬೆತ್ತದ ಕುರ್ಚಿ ಹಾಕಿ, ನಡುವೆ ನೀರಿನ ತಂಬಿಗೆ ಇಟ್ಟರೆ ನಮ್ಮ ಸಮಾಲೋಚನಾ ಕೇಂದ್ರ ಸಿದ್ಧ. ಈಗಲೂ ಆ ರಸ್ತೆಯಲ್ಲಿ ಹೋಗುವಾಗ ಬೇವಿನ ಹೂವಿನ ವಾಸನೆಗೆ ಗಾಡಿ ತಾನಾಗಿ ನಿಧಾನವಾಗುತ್ತದೆ.

ಕೋಣೆ ಕೊಡುವಾಗ ಪಾಸ್ಟರ್ ಒಂದು ಷರತ್ತು ಹಾಕಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದೇ ಸೀರಿ ಸಾಹುಕಾರ ಅಂತ.

"ಸಾಹುಕಾರ್ರ, ಕೋಣಿ ನಿಮ್ದ ಅನ್ಕೋರಿ. ಖರೆ ಕಮಿಟಿಯವರ ಮಾತು ಒಂದೈತಿ. ಈ ಕಂಪೌಂಡಿನ್ಯಾಗ ಯಾವ ಕೂಟಾನೂ ಪ್ರಾರ್ಥನಿಯಿಂದ ಶುರು ಆಗಬೇಕು, ಪ್ರಾರ್ಥನಿಯಿಂದ ಮುಗೀಬೇಕು."

"ಪಾಸ್ಟರ್, ನಮ್ಮಲ್ಲೆ ಬರೋರು ಎಲ್ಲಾ ಚರ್ಚಿನ ಸಭಾದವರಲ್ರಿ. ಬೀರಪ್ಪನ ಭಕ್ತರೂ ಬರ್ತಾರ, ಮುಸಲ್ಮಾನರೂ ಬರ್ತಾರ. ಒಳಗ ಬಂದ ಕೂಡ್ಲೆ ಕಣ್ಣ ಮುಚ್ಚ ಅಂದ್ರ ಹೆದರಿ ಓಡಿ ಹೊಕ್ಕಾರ. ಶುರುವಿಂದು ಬಿಡ್ರಿ. ಮುಗಸೂದು ನಿಮ್ಮ ಪಾಲಿಗಿರ್ಲಿ."

ಅವರು ನಕ್ಕರು. "ಅರ್ಧಕ್ಕ ಇಳಿಸಿದ್ರಿ ನೋಡ್ರಿ." ಒಪ್ಪಿದರು. ಭಾರೀ ಗೆದ್ದೆ ಅಂದುಕೊಂಡು ಮನೆಗೆ ಬಂದೆ. ನಿಜವಾದ ತೊಡಕು ಇದ್ದದ್ದು ಮುಗಿಸುವ ಪ್ರಾರ್ಥನೆಯಲ್ಲಿ ಅನ್ನುವುದು ಆಗ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಹುಡುಗಿ ಮುಧೋಳದಿಂದ ಬಸ್ಸಿಗೆ ಬರುತ್ತಿದ್ದಳು. ಸಮಾಲೋಚನೆಯ ಕೋರ್ಸಿನಲ್ಲಿ ಪಾಠ ಮುಗಿಸಿ, ಒಬ್ಬ ಮೇಲ್ವಿಚಾರಕನ ಕೈಕೆಳಗೆ ನಿಜವಾದ ಜನರ ಜೊತೆ ಕೆಲಸ ಮಾಡುವ ಹಂತದಲ್ಲಿದ್ದಳು. ಆ ಮೇಲ್ವಿಚಾರಕ ನಾನು. ಅವಳ ಅಪ್ಪ ಊರೂರಿಗೆ ಹೋಗಿ ಸುವಾರ್ತೆ ಸಾರುವ ಕೆಲಸದಲ್ಲಿದ್ದವರು. ಸತ್ತವರ ಮನೆ, ಹಡೆದವರ ಮನೆ, ಎಲ್ಲ ಕಡೆ ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಫ್ರಾಕು ಹಾಕುವ ವಯಸ್ಸಿನಲ್ಲೇ ದೊಡ್ಡವರ ಮುಂದೆ ನಿಂತು ಪ್ರಾರ್ಥನೆ ಮಾಡಿದವಳು. ಆ ಧ್ವನಿ ಕೇಳಿದರೆ ಜಗಳಕ್ಕೆ ಬಂದವನೂ ತಲೆ ತಗ್ಗಿಸಬೇಕು, ಅಂಥ ಧ್ವನಿ.

ಕೆಲಸದ ಪದ್ಧತಿ ಹೀಗಿತ್ತು. ಬಂದವರ ಒಪ್ಪಿಗೆ ಕೇಳಿ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು. ವಾರಕ್ಕೊಮ್ಮೆ ನಾವಿಬ್ಬರೂ ಕೂತು ಅದನ್ನು ಕೇಳುವುದು, ಕೇಳಿದ ಮೇಲೆ ಅಳಿಸಿಬಿಡುವುದು. ಎಲ್ಲಿ ಬೇಕಾದರೂ ನಾನು ನಿಲ್ಲಿಸಬಹುದು. ನಿಲ್ಲಿಸಿ ಮೊದಲು ಕೇಳುವುದು, "ಇಲ್ಲಿ ನಿನಗೇನಾತು?" ಎದುರಿಗಿದ್ದವರಿಗೆ ಏನಾಯಿತು ಅನ್ನುವುದು ಆಮೇಲೆ. ಕೇಳುವವನಿಗೆ ಗಾಬರಿಯಾದರೆ ಅವನು ಹೇಳುವವರ ಬಾಯಿ ಮುಚ್ಚಿಸುತ್ತಾನೆ. ಗಾಬರಿಗೆ ಅವನು ಏನೇನೋ ಬಟ್ಟೆ ತೊಡಿಸಿರುತ್ತಾನೆ. ಒಬ್ಬ ಬುದ್ಧಿ ಹೇಳುತ್ತಾನೆ, ಇನ್ನೊಬ್ಬ ಜೋಕು ಹೇಳುತ್ತಾನೆ. ನಮ್ಮ ಹುಡುಗಿ ತೊಡಿಸಿದ್ದ ಬಟ್ಟೆ ಬಿಳಿಯದು, ಆದ್ದರಿಂದ ನನಗೆ ಬೇಗ ಕಾಣಿಸಲಿಲ್ಲ.

ಅವಳ ಹತ್ತಿರ ಬರುತ್ತಿದ್ದವರಲ್ಲಿ ಒಬ್ಬಾಕೆ ರಬಕವಿಯ ಟೇಲರ್. ನಮ್ಮಂತೆಯೇ ಕ್ರೈಸ್ತ ಸಭೆಗೆ ಸೇರಿದ ಮನೆತನ. ತನ್ನ ಊರಿನಲ್ಲಿ ಯಾರಿಗೂ ತಿಳಿಯಬಾರದೆಂದು ಜಮಖಂಡಿಗೆ ಬರುತ್ತಿದ್ದಳು. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡಿದ್ದಳು. ಅತ್ತೆ ತೀರಿಕೊಂಡ ಮೇಲೆ ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ಅಳತೆ ತೆಗೆಯುವಳು, ಸೀಮೆಸುಣ್ಣದ ಗೆರೆ ಎಳೆಯುವಳು, ಕತ್ತರಿಯನ್ನು ಬಟ್ಟೆಗೆ ಹಚ್ಚಿದ ಕೂಡಲೇ ಕೈ ನಿಲ್ಲುವುದು. ಮದುವೆಯ ಜಂಪರುಗಳು ಗಂಟು ಗಂಟಾಗಿ ಬಿದ್ದಿದ್ದವು. ಗಿರಾಕಿಗಳು ಒಬ್ಬೊಬ್ಬರಾಗಿ ಬಟ್ಟೆ ವಾಪಸು ಒಯ್ಯತೊಡಗಿದ್ದರು. ಆ ಮನೆ ನಡೆಯುತ್ತಿದ್ದುದು ಅದೇ ಕತ್ತರಿಯಿಂದ. ಊಟವೂ ಸೇರುತ್ತಿರಲಿಲ್ಲ, ಕೊರಳ ಎಲುಬು ಎದ್ದು ಕಾಣುತ್ತಿತ್ತು. ವೈದ್ಯರು ಪರೀಕ್ಷೆ ಮಾಡಿ, ಕೈಗೆ ಏನೂ ಆಗಿಲ್ಲ, ಯಾರ ಹತ್ತಿರವಾದರೂ ಕೂತು ಮಾತಾಡು ಅಂದಿದ್ದರು.

ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಬಂದು ಹೋದವಳು ಮತ್ತೆ ಬರಲಿಲ್ಲ. ಹುಡುಗಿ ಫೋನ್ ಮಾಡಿದರೆ, "ಹೊಲಿಗಿ ಬಾಳ ಬಂದಾವವ್ವಾ, ಪುರಸೊತ್ತಿಲ್ಲ" ಅಂದಳಂತೆ. ಕತ್ತರಿ ಹಿಡಿಯಲಾಗದವಳಿಗೆ ಎಲ್ಲಿಂದ ಬಂತು ಅಷ್ಟು ಹೊಲಿಗೆ?

ಕೊನೆಯ ರೆಕಾರ್ಡಿಂಗ್ ಕೇಳಿದೆವು. ತಪ್ಪು ಸಿಗಲಿಲ್ಲ. ಪ್ರಶ್ನೆಗಳು ಸರಿ, ಮೌನ ಸರಿ. ಕೊನೆಗೆ ವೇಳೆಯಾಯಿತೆಂದು ಪ್ರಾರ್ಥನೆ. "ಈ ಅಕ್ಕಾರು ತಮ್ಮ ಅತ್ತಿಯವರ ಸೇವಾ ಹೆತ್ತ ಮಗಳಂಗ ಮಾಡಿದ್ದಕ್ಕ ನಿನಗ ಸ್ತೋತ್ರ ಸ್ವಾಮಿ. ಇವರ ಪ್ರೀತಿ ನಮ್ಮೆಲ್ಲಾರಿಗೂ ಮಾದರಿ ಆಗ್ಲಿ." ಆಮೆನ್. ಕುರ್ಚಿ ಸರಿದ ಸದ್ದು. ಅಷ್ಟೆ.

ಮುಂದಿನ ವಾರ ಸ್ವಲ್ಪ ಬಿಗಿಯಾಗಿಯೇ ಮಾತಾಡಬೇಕೆಂದು ಕೂತಿದ್ದೆ. ಟೇಲರ್ ಬರುವುದು ಯಾಕೆ ನಿಂತಿತೆಂದು ಕೇಳಿದರೆ ಹುಡುಗಿ ಜಾರಿಕೊಳ್ಳುತ್ತಿದ್ದಳು. ನಾನು ಬಾಯಿ ತೆಗೆಯುವ ಮುನ್ನ ಅವಳು, "ಸರ್, ಮೊದ್ಲ ಪ್ರಾರ್ಥನಿ ಮಾಡೋಣ್ರಿ" ಅಂದಳು. ಕಣ್ಣು ಮುಚ್ಚಿದೆ. ಇಷ್ಟು ತಾಳ್ಮೆಯ, ಯಾರ ಮೇಲೂ ಸಿಟ್ಟು ಮಾಡದ ಗುರುವನ್ನು ಕೊಟ್ಟಿದ್ದಕ್ಕೆ ದೇವರಿಗೆ ಸ್ತೋತ್ರ ಸಲ್ಲಿಸಿದಳು. ಕಣ್ಣು ತೆರೆದಾಗ ನನ್ನ ಸಿಟ್ಟು ಎಲ್ಲೋ ಹೋಗಿತ್ತು. ಹೋಗಿತ್ತು ಅಂದರೆ ಇಳಿದಿರಲಿಲ್ಲ, ಹೊರಗೆ ಬರಲು ಅದಕ್ಕೆ ದಾರಿ ಇರಲಿಲ್ಲ. ಎರಡು ಸವಿಮಾತಾಡಿ ಕಳಿಸಿದೆ.

ಆ ವಾರವೇ ನೆಂಟರ ಮದುವೆಯ ಜವಳಿಗೆ ಬನಹಟ್ಟಿಗೆ ಹೋದೆ. ಓಣಿಗೆ ಕಾಲಿಟ್ಟರೆ ಪವರ್‌ಲೂಮಿನ ಖಟಖಟ ಕಾಲಿನ ಅಡಿಯಿಂದಲೇ ಬರುತ್ತದೆ. ಅಂಗಡಿಯವನು ಹಳೆಯ ಕಸುಬಿನ ಗೆಳೆಯ. ನಾನು ಸೆರಗು ಬಿಡಿಸಿ ನೋಡುತ್ತಿದ್ದಂತೆ ಶುರುಮಾಡಿದ.

"ನಿಮ್ಮಂಥಾ ದೊಡ್ಡ ಮನಸಿನವರು ಅಂಗಡಿಗಿ ಬಂದ್ರ ರೇಟಿನ ಮಾತ ಬರಂಗಿಲ್ಲ ನೋಡ್ರಿ. ದೇವರು ಇಂಥಾ ಗಿರಾಕಿನ್ನ ಎಲ್ಲಾರಿಗೂ ಕೊಡಬೇಕು."

"ಏ, ಬಾಯಿ ಮುಚ್ಚಲೇ. ಈ ಮಾತ ನಿನಗ ಕಲಿಸಿದಾಂವ ನಾನ."

ಇಬ್ಬರೂ ನಕ್ಕೆವು. ಗಲಗಲಿಯ ಸಂತೆಯಲ್ಲಿ ನಾನು ಅದೇ ಮಾತಿನಿಂದ ಎಷ್ಟು ಸೀರೆ ಮಾರಿಲ್ಲ! ನಿನ್ನದು ದೊಡ್ಡ ಮನಸ್ಸು ಅಂತ ಮೊದಲೇ ಹೇಳಿಬಿಟ್ಟರೆ ಮನುಷ್ಯ ಸಣ್ಣ ಮಾತು ಆಡಲಾರ. ಚೌಕಾಸಿ ಗಂಟಲಲ್ಲೇ ಉಳಿಯುತ್ತದೆ. ನಗು ಅರ್ಧಕ್ಕೇ ನಿಂತಿತು. ಸೆರಗು ಕೈಯಲ್ಲೇ ಇತ್ತು. ಆ ಟೇಲರ್ ಹೆಣ್ಣುಮಗಳಿಗೆ ಏನಾಯಿತೆಂದು ಆಗ ಹೊಳೆಯಿತು.

ವಾಪಸು ಬಂದು, ಇನ್ನೂ ಅಳಿಸದೆ ಇಟ್ಟಿದ್ದ ರೆಕಾರ್ಡಿಂಗನ್ನು ಹುಡುಗಿಯ ಜೊತೆ ಮತ್ತೆ ಕೇಳಿದೆ. ಈ ಸಲ ಪ್ರಾರ್ಥನೆಯ ಹಿಂದುಮುಂದು ಕಿವಿಗೊಟ್ಟೆ. ಪ್ರಾರ್ಥನೆಗೆ ಮುಂಚೆ ಟೇಲರ್ ಹೆಣ್ಣುಮಗಳ ಧ್ವನಿ: "ಅತ್ತಿ ಹ್ವಾದ ದಿನಾ ನಾ ಏನ್ ಮಾಡಾಕತ್ತಿದ್ನಿ ಅಂದ್ರ..." ಅಲ್ಲಿಗೆ ಹುಡುಗಿ, "ಅಕ್ಕಾರ, ಯಾಳೆ ಆತು, ಪ್ರಾರ್ಥನಿ ಮಾಡೋಣ್ರಿ" ಅಂದಿದ್ದಾಳೆ. ಆಮೆನ್ ಆದ ಮೇಲೆ, ಕುರ್ಚಿಯ ಸದ್ದಿನ ಅಡಿಯಲ್ಲಿ, ಸಣ್ಣಗೆ, "ಇರ್ಲಿ ಬಿಡವ್ವಾ."

ವಿವರಿಸಿ ಹೇಳಿದರೆ ಹುಡುಗಿ ತಲೆ ಅಲ್ಲಾಡಿಸುತ್ತಾಳೆ, ಅಷ್ಟೆ. ಆದ್ದರಿಂದ ಕುರ್ಚಿ ಅದಲುಬದಲು ಮಾಡಿದೆ. ಇದು ನಮ್ಮ ಕಸುಬಿನಲ್ಲಿ ಇರುವ ಪದ್ಧತಿಯೇ. "ನೀ ಈಗ ಟೇಲರ್ ಅಕ್ಕ. ಮನಸಿನ್ಯಾಗ ಯಾರಿಗೂ ಹೇಳದ ಒಂದು ಮಾತು ಹಿಡ್ಕೊಂಡು ಕುಂಡ್ರು. ಹೇಳಬ್ಯಾಡ, ಬರೇ ಹಿಡ್ಕೋ." ಆಮೇಲೆ ಅವಳದೇ ಪ್ರಾರ್ಥನೆಯನ್ನು ಅವಳ ಮೇಲೆ ಅಕ್ಷರಶಃ ಮಾಡಿದೆ. ಆಮೆನ್ ಅಂದು ಎದ್ದು ನಿಂತೆ.

ಅವಳು ಏಳಲಿಲ್ಲ. ಕೂತಲ್ಲೇ, "ಬಾಯಿಗೆ ಬೀಗ ಹಾಕಿ, ಬೀಗದ ಮ್ಯಾಲೆ ಹೂವಿನ ಮಾಲಿ ಹಾಕಿದಂಗಾತ್ರಿ ಸರ್" ಅಂದಳು. ಆಮೇಲೆ ಸಿಟ್ಟಾದಳು. "ಹಂಗಾರ ಏನ್ರಿ? ಪ್ರಾರ್ಥನಿ ತಪ್ಪೇನು? ನಮ್ಮಪ್ಪ ಕಲಿಸಿದ್ದು ಅದೊಂದ. ಅದನ್ನೂ ತಗದ್ರ ನನ್ನ ಹತ್ರ ಏನೈತಿ? ನಾ ನಾಳಿಂದ ಬರಂಗಿಲ್ರಿ."

"ಬರಬ್ಯಾಡ. ಖರೆ ಆ ಅಕ್ಕನ ಕತ್ತರಿ ಯಾರು ಬಿಡಸ್ತಾರ, ಹೇಳಿ ಹೋಗು."

ಚೀಲ ತೆಗೆದುಕೊಂಡು ಹೋದಳು. ಬರುತ್ತಾಳೋ ಇಲ್ಲವೋ ಅನ್ನುವುದು ನನಗೂ ಖಾತ್ರಿ ಇರಲಿಲ್ಲ.

ಧಾರವಾಡದಲ್ಲಿರುವ ನನ್ನ ಗುರುಗಳಿಗೆ ಫೋನ್ ಮಾಡಿದೆ. ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ಚಿಕಿತ್ಸೆಯ ಕೋಣೆಯಲ್ಲಿ ಪ್ರಾರ್ಥನೆಗೆ ಏನು ಕೆಲಸ? ತೆಗೆದುಹಾಕಿ." ಪುಸ್ತಕದ ಪ್ರಕಾರ ಸರಿ. ಆದರೆ ನಮ್ಮ ಜನಕ್ಕೆ ಪ್ರಾರ್ಥನೆ ಬೇಡ ಅನ್ನುವುದೆಂದರೆ, ಚಪ್ಪಲಿಯ ಜೊತೆ ಅರ್ಧ ಜೀವವನ್ನೂ ಹೊರಗೆ ಬಿಟ್ಟು ಬನ್ನಿ ಅಂದ ಹಾಗೆ. ಅವರು ದೇವರ ಹತ್ತಿರ ಜಗಳ ಆಡುತ್ತಾರೆ, ಹರಕೆ ಹೊರುತ್ತಾರೆ, ಮುನಿಸಿಕೊಳ್ಳುತ್ತಾರೆ. ಅದೆಲ್ಲ ಕೋಣೆಯೊಳಗೆ ಬರಬೇಕು. ಬರುವಾಗ ಅವರ ಬಾಯಿಂದ ಬರಬೇಕು, ನಮ್ಮ ಬಾಯಿಂದಲ್ಲ. ಮನೋವಿಜ್ಞಾನವನ್ನೂ ವಿಶ್ವಾಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಬಹಳ ದಿನ ಒದ್ದಾಡಿದ್ದೆ. ಕೊನೆಗೆ ಸಿಕ್ಕಿದ್ದು ಇಷ್ಟೇ: ತಕ್ಕಡಿ ಬಂದವರ ಕೈಯಲ್ಲಿರಲಿ.

ಮೂರನೆಯ ದಿನ ಹುಡುಗಿ ಬಂದಳು. ಕಣ್ಣು ಊದಿಕೊಂಡಿದ್ದವು. "ನಮ್ಮಪ್ಪಗ ಕೇಳಿದ್ನಿ ಸರ್. ಸತ್ತ ಮನ್ಯಾಗ ಏನ್ ಹೇಳಬೇಕಂತ ತಿಳೀಲಾರದಾಗ ನೀ ಏನ್ ಮಾಡ್ತಿದ್ದಿ ಅಂದ್ನಿ. ಪ್ರಾರ್ಥನಿ ಮಾಡ್ತಿದ್ದೆ ಅಂದ. ಯಾಕ ಅಂದ್ನಿ. ಅಂಜಿಕಿ ಬರ್ತಿತ್ತು ಮಗಳ ಅಂದ."

ಆಗ ಕೂತು ನಿಯಮ ಮಾಡಿಕೊಂಡೆವು. ಕೊನೆಯಲ್ಲಿ, ಪ್ರಾರ್ಥನೆ ಬೇಕೇ ಅಂತ ಕೇಳುವುದು. ಬೇಡ ಅಂದರೆ ಬೇಡ. ಬೇಕು ಅಂದರೆ, ಏನು ಕೇಳಲಿ ಅಂತ ಅವರನ್ನೇ ಕೇಳುವುದು. ಅವರು ಕೊಟ್ಟ ಮಾತಿಗೆ ನಮ್ಮ ಕಡೆಯಿಂದ ಹೊಗಳಿಕೆಯನ್ನಾಗಲಿ ಬುದ್ಧಿಯನ್ನಾಗಲಿ ಸೇರಿಸುವಂತಿಲ್ಲ.

ನನ್ನ ಮುಂದೆಯೇ ಅವಳು ರಬಕವಿಗೆ ಫೋನ್ ಹಚ್ಚಿದಳು. "ಅಕ್ಕಾರ, ಹ್ವಾದ ಸಲ ನೀವು ಒಂದು ಮಾತು ಶುರು ಮಾಡಿದ್ರಿ. ನಾ ಪ್ರಾರ್ಥನಿ ಮಾಡಿ ಅದನ್ನ ಮುಚ್ಚಿಬಿಟ್ಟೆ. ಆ ಮಾತು ಕೇಳಬೇಕಂತ ಐತ್ರಿ ನನಗ."

ಆ ಕಡೆ ಮಗ್ಗದ ಸದ್ದು. ಆಮೇಲೆ, "ಪ್ರಾರ್ಥನಿ ಮಾಡ್ತೀ ಏನವ್ವಾ?"

"ನೀವು ಹೇಳಿದ್ರ ಅಷ್ಟರಿ. ಇಲ್ಲಾಂದ್ರ ಇಲ್ಲ."

"ಮಾತು ಕೊಡ್ತಿ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಹೂಂ ಅಂತ ತಲೆಯಾಡಿಸಿದೆ. "ಕೊಟ್ಟೀನ್ರಿ."

"ಹಂಗಾರ ಶನಿವಾರ ಬರ್ತೀನಿ."

ಮಾತು ಕೊಟ್ಟ ಮೇಲೆ ಪಾಸ್ಟರಿಗೆ ಹೇಳದೆ ಇರಲಾಗುವುದಿಲ್ಲ. ಸಂಜೆ ಚಹಾದ ಹೊತ್ತಿಗೆ ಹೇಳಿದೆ. ಅವರು ಕಪ್ಪು ಕೆಳಗಿಟ್ಟರು.

"ಬ್ಯಾಡ ಅಂದ್ರ ಪ್ರಾರ್ಥನಿ ಇಲ್ಲ? ಚರ್ಚಿನ ಕೋಣಿಯೊಳಗ? ಸಾಹುಕಾರ್ರ, ಕಮಿಟಿಗೆ ನಾ ಏನ್ ಹೇಳ್ಲಿ?"

"ಬೇಕಂದಾಗ ಇರತೈತ್ರಿ. ಅವರದ ಮಾತಿನ್ಯಾಗ ಇರತೈತಿ."

ಅವರು ಕೆಟ್ಟವರಲ್ಲ. ಸ್ವಲ್ಪ ಯೋಚಿಸಿ, ದನಿ ತಗ್ಗಿಸಿ ದಾರಿಯನ್ನೂ ತೋರಿಸಿದರು. "ಒಂದ ಮಾತು, ಒಂದ ಸಾಲು. ತುಟಿ ಅಲ್ಲಾಡಿಸಿದ್ರ ಸಾಕು. ನಾ ಕೇಳಾಕ ಬರಂಗಿಲ್ಲ, ಕಮಿಟಿಯವರಿಗೂ ಸಮಾಧಾನ. ಏನಂತೀರಿ?"

ನನ್ನ ಜೀವಮಾನದಲ್ಲಿ ಇಷ್ಟು ಅಗ್ಗದ ವ್ಯಾಪಾರ ಸಿಕ್ಕಿರಲಿಲ್ಲ. ಒಂದು ಸಾಲಿಗೆ ಒಂದು ಕೋಣೆ. ಬೇವಿನ ನೆರಳು, ತಣ್ಣನೆಯ ಗೋಡೆ, ಈ ಚಹಾ. ನಾಲಿಗೆಯ ತುದಿಯಲ್ಲಿ "ಆತು" ಅನ್ನುವ ಮಾತು ಬಂದಿತ್ತು. ಆದರೆ ಶನಿವಾರ ಬರುವವಳು ಕೇಳಿದ್ದು, ತಾನು ಹೇಳದೆ ಪ್ರಾರ್ಥನೆ ಮಾಡುವುದಿಲ್ಲ ಅನ್ನುವ ಮಾತೊಂದನ್ನೇ. ಆ ಒಂದು ಸಾಲನ್ನು ತುಟಿಯಲ್ಲಿ ಮಣಮಣ ಅಂದರೂ ಅವಳಿಗೆ ಕೇಳಿಸುತ್ತದೆ; ಮತ್ತೆ "ಇರ್ಲಿ ಬಿಡವ್ವಾ" ಅಂತ ಎದ್ದು ಹೋದರೆ ನಮ್ಮ ಹತ್ತಿರ ಮಾತ್ರವಲ್ಲ, ಯಾರ ಹತ್ತಿರವೂ ಅವಳು ಬಾಯಿ ತೆರೆಯಲಾರಳು.

"ಮಾತು ಕೊಟ್ಟೀನ್ರಿ ಪಾಸ್ಟರ್" ಅಂದೆ.

"ನಾನೂ ಕಮಿಟಿಗೆ ಕೊಟ್ಟೀನ್ರಿ" ಅಂದರು. ಇಬ್ಬರದೂ ಸರಿಯಾಗಿತ್ತು. ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ. ಗೋಡೆಯ ಕುರಿಗಳನ್ನು ಒಮ್ಮೆ ನೋಡಿ ಬರಬೇಕಿತ್ತು ಅಂತ ಈಗ ಅನಿಸುತ್ತದೆ.

ಶನಿವಾರಕ್ಕೆ ಒಂದು ಜಾಗ ಹಿಡಿದೆ. ಪಂಪ್‌ಸೆಟ್ ರಿಪೇರಿ ಅಂಗಡಿಯ ಮೇಲಿನ ಟ್ಯೂಷನ್ ಕೋಣೆ. ಮಧ್ಯಾಹ್ನ ಕೆಳಗಿನ ಮೋಟಾರುಗಳು ನಿಲ್ಲುವ ಹೊತ್ತು ಕೇಳಿಕೊಂಡೆ. ಅಂಗಡಿಯವರ ಜೊತೆ ಚೌಕಾಸಿ ಮಾಡಿದ್ದು ಬಾಡಿಗೆಗಿಂತ ಆ ಸದ್ದಿನ ವಿಷಯಕ್ಕೆ ಹೆಚ್ಚು. ಹುಡುಗಿ ಬೆತ್ತದ ಕುರ್ಚಿ ಎಲ್ಲಿ ಅಂದಳು. ಪ್ಲಾಸ್ಟಿಕ್ ಕುರ್ಚಿಗಳನ್ನು ತೋರಿಸಿದೆ. ನಾನು ಕೆಳಗೆ ಬೆಂಚಿನ ಮೇಲೆ ಕೂತೆ. ಟೇಲರ್ ಹೆಣ್ಣುಮಗಳು ಬಂದಳು, ಮೆಟ್ಟಿಲು ಹತ್ತಿದಳು.

ಏನಾಯಿತೆಂದು ಆಮೇಲೆ ರೆಕಾರ್ಡಿಂಗಿನಲ್ಲಿ ಕೇಳಿದೆ. ಅದೂ ಇದೂ ಮಾತಾಡಿ, ಮಾತು ಮುಗಿದು, ಹುಡುಗಿ ಕೇಳಿದಳು: "ಪ್ರಾರ್ಥನಿ ಬೇಕೇನ್ರಿ ಅಕ್ಕಾರ?"

"ಬ್ಯಾಡ."

"ಆತ್ರಿ." ಅಲ್ಲಿ ಹುಡುಗಿ ಏಳಲಿಲ್ಲ. ಮುಂದಿನ ವಾರದ ಮಾತೂ ತೆಗೆಯಲಿಲ್ಲ. ಕೂತೇ ಇದ್ದಳು. ನಾನು ಮೊಬೈಲ್ ಕೆಟ್ಟಿತೇನೋ ಅಂದುಕೊಂಡೆ, ಅಷ್ಟು ಹೊತ್ತು.

ಆಮೇಲೆ ಆಕೆ ಅಂದಳು: "ನಾ ದಿನಾ ಪ್ರಾರ್ಥನಿ ಮಾಡ್ತಿದ್ನಿ, ಈ ಮುದುಕಿನ್ನ ಒಯ್ಯಪ್ಪಾ ಅಂತ. ಅವತ್ತ ಜಂಪರ್ ಕತ್ತರಸಾಕತ್ತಿದ್ನಿ. ಒಳಗಿಂದ ಕರದ್ಲು. ಇದೊಂದು ತೋಳು ಮುಗಿಸಿ ಹೋಗೋಣು ಅಂದ್ನಿ. ಹೋಗೂದ್ರಾಗ ಉಸಿರ ಇರಲಿಲ್ಲ. ದೇವ್ರು ನನ್ನ ಮಾತ ಕೇಳಿಬಿಟ್ಟ. ನೀ ಕಣ್ಣ ಮುಚ್ಚಿ ಹೆತ್ತ ಮಗಳಂಗ ಅಂದಾಗ... ಆತ ಅಲ್ಲೇ ಕೂತು ನಗಾಕತ್ತಾನೇನೋ ಅನಸ್ತು."

ಇಲ್ಲಿ ಕಲಿಯುವವರು ಏನು ಮಾಡುತ್ತಾರೆ ಬಲ್ಲೆ. ಛೆ ಛೆ, ಹಾಗೇನಿಲ್ಲ, ದೇವರು ಹಾಗಲ್ಲ ಅನ್ನುತ್ತಾರೆ. ಹುಡುಗಿ ಹಾಗನ್ನಲಿಲ್ಲ. "ಎಷ್ಟ ದಿನದಿಂದ ಹೊತಗೊಂಡ ತಿರಗಾಕತ್ತೀರಿ ಇದನ್ನ" ಅಂದಳು. ಆಕೆ ಅತ್ತಳು. ಅತ್ತೆ ಸತ್ತಾಗ ಬಾರದ ಅಳು. ಅತ್ತು ಮುಗಿದ ಮೇಲೆ ತಾನೇ ಮೂಗು ಒರೆಸಿಕೊಂಡು, "ಈಗ ನಾನ ಮಾಡ್ತೀನಿ" ಅಂದಳು. ರೆಕಾರ್ಡಿಂಗಿನಲ್ಲಿ ಆಕೆಯ ಪ್ರಾರ್ಥನೆ ಇರುವುದು ಇಷ್ಟು: "ದೇವ್ರ, ನಾ ದಣದಿದ್ನಿ."

ಕತ್ತರಿ ಅವತ್ತೇ ಹಿಡಿದಳು ಅಂತ ಬರೆದರೆ ಸುಳ್ಳಾಗುತ್ತದೆ. ಇನ್ನೂ ಎಷ್ಟೋ ಶನಿವಾರ ಮೆಟ್ಟಿಲು ಹತ್ತಿದಳು, ಅತ್ತೆಯ ಮೇಲಿನ ಸಿಟ್ಟು, ಪ್ರೀತಿ ಎರಡನ್ನೂ ಬಿಡಿಸಿ ಬಿಡಿಸಿ ಇಟ್ಟಳು. ಕೊನೆಗೆ ಒಂದು ದಿನ ಕತ್ತರಿ ಹಚ್ಚಿದ್ದು ಗಿರಾಕಿಯ ಬಟ್ಟೆಗಲ್ಲ. ಅತ್ತೆಯ ಹಳೆಯ ಇಳಕಲ್ ಸೀರೆಗಳನ್ನು ತೆಗೆದು, ತುಂಡು ಮಾಡಿ, ಕೌದಿ ಹೊಲಿಯಲು ಕೂತಳಂತೆ. ಅದನ್ನು ಹೊದ್ದು ಮಲಗುತ್ತಾಳೆ. ಜಂಪರಿನ ಗಿರಾಕಿಗಳು ಆಮೇಲೆ ತಾವಾಗಿ ಬಂದರು.

ಹುಡುಗಿ ಈಗ ಬೀಳಗಿಯಲ್ಲಿ ತಾನೇ ಕಲಿಸುತ್ತಾಳೆ. ಪಾಸ್ಟರಿಗೆ ವರ್ಗವಾಯಿತು. ಹೋಗುವ ಮುನ್ನ ಅವರು ನಮ್ಮ ಪಂಪ್‌ಸೆಟ್ ಅಂಗಡಿಯ ಮೆಟ್ಟಿಲು ಹತ್ತಿ ಬಂದರು, ಕೈಯಲ್ಲಿ ಚುರುಮುರಿಯ ಪೊಟ್ಟಣ. ಸುತ್ತ ನೋಡಿ, "ಇದಕ್ಕ ಬಾಡಿಗಿ ಬ್ಯಾರೆ ಕೊಡ್ತೀರಿ, ಸಾಹುಕಾರ್ರ?" ಅಂದರು. ಚಹಾ ತರಿಸಿದೆ. ಎಷ್ಟೋ ದಿನದ ಮೇಲೆ ಕೂಡಿ ಕುಡಿದೆವು. ಏಳುವಾಗ ಅವರು, ಪ್ರಾರ್ಥನೆ ಮಾಡಲೇ ಅಂತ ಕೇಳಿದರು. ಅವರು ಹಾಗೆ ಕೇಳಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

"ಮಾಡ್ರಿ" ಅಂದೆ.

ಮಾಡಿದರು. ಆಮೆನ್ ಅಂದರು. ಎದ್ದು ನಿಲ್ಲಲಿಲ್ಲ. "ಹುನ್ನೂರಾಗ ಒಂದ ಸತ್ತ ಮನಿಗೆ ಹೋಗಿದ್ನಿ" ಅಂದರು ತಮಗೆ ತಾವೇ ಹೇಳಿಕೊಂಡಂತೆ. "ಮುಗಿದ ಮ್ಯಾಲೆ ಸುಮ್ನ ಕುಂತ್ನಿ. ಆ ಮನಿಯವ ಏನೇನ್ ಹೇಳಿದಾಂದ್ರ..." ಏನು ಹೇಳಿದ ಅಂತ ನನಗೆ ಹೇಳಲಿಲ್ಲ. ಹೇಳಬಾರದಾಗಿತ್ತು, ಹೇಳಲಿಲ್ಲ.

ನೀವು ಈ ಕಸುಬು ಕಲಿಯುತ್ತಿರಬಹುದು, ಕಲಿಸುತ್ತಿರಬಹುದು, ಇಲ್ಲವೆ ಸಭೆಯ ಹಿರಿಯರಾಗಿ ನಾಲ್ಕು ಮನೆಗೆ ಹೋಗಿ ಬರುವವರಾಗಿರಬಹುದು. ನನ್ನ ಮಾತು ಕೇಳಿ, ನಷ್ಟ ಮಾಡಿಕೊಂಡು ಕಲಿತದ್ದು. ಶಿಷ್ಯರು ನಿಮ್ಮ ಮುಂದೆ ಪ್ರಾರ್ಥನೆ ಮಾಡಿದಾಗ ನಿಮಗೇನಾಯಿತು ನೋಡಿಕೊಳ್ಳಿ. ನಿಮಗೆ ಆಗಿದ್ದೇ ಆ ಶಿಷ್ಯರ ಎದುರು ಕೂತವರಿಗೂ ಆಗಿರುತ್ತದೆ. ಎದುರಿಗಿರುವವರ ಬಗ್ಗೆ ಒಳ್ಳೆಯದನ್ನು ಹೇಳುವ ಆಸೆಯಾದರೆ ಕಣ್ಣು ತೆರೆದು ಅವರ ಮುಖ ನೋಡಿ ಹೇಳಿ, ಆಗ ಅವರು ಅಲ್ಲ ಅನ್ನಬಹುದು. ದೇವರ ಮುಂದೆ ಹೊಗಳಿದರೆ ಅಲ್ಲ ಅನ್ನಲು ಅವರಿಗೆ ಜಾಗವಿರುವುದಿಲ್ಲ. ಪ್ರಾರ್ಥನೆ ಬೇಕೇ ಅಂತ ಕೇಳಿ. ಬೇಡ ಅಂದರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಜಾಗ ಕೊಡುವವರ ಹತ್ತಿರ ಷರತ್ತನ್ನು ಮೊದಲೇ ಪೂರ್ತಿ ಮಾತಾಡಿ. ನನ್ನ ಹಾಗೆ ಅರ್ಧಕ್ಕೆ ಇಳಿಸಿ ಗೆದ್ದೆ ಅಂದುಕೊಳ್ಳಬೇಡಿ. ಇನ್ನೊಂದು. ಆಮೆನ್ ಅಂದ ಕೂಡಲೇ ಚಪ್ಪಲಿ ಹುಡುಕಬೇಡಿ. ಇನ್ನಷ್ಟು ಹೊತ್ತು ಅಲ್ಲೇ ಕೂತಿರಿ.